ಕೊಲ್ಚುಗಿನೊದ ಚಹಾ ಲೋಟದ ಕವಚ: ಒಂದು ವಸ್ತು, ಒಂದು ತಾಮ್ರದ ಊರು

ರಷ್ಯಾದ ದೂರಪ್ರಯಾಣದ ರೈಲುಗಳಲ್ಲಿ ಚಹಾವನ್ನು ಇಂದಿಗೂ ತೆಳುವಾದ ಗಾಜಿನ ಲೋಟದಲ್ಲಿ ಕೊಡುತ್ತಾರೆ. ಆ ಲೋಟವನ್ನು ಪಕ್ಕಕ್ಕೆ ಹಿಡಿಯಿರುವ, ಮೈತುಂಬ ಚಿತ್ರ ಮೂಡಿಸಿದ ಲೋಹದ ಕವಚವೊಂದರಲ್ಲಿ ಕೂರಿಸಿರುತ್ತಾರೆ. ರಷ್ಯನ್ನರು ಪೊದ್‌ಸ್ತಕಾನ್ನಿಕ್ ಎಂದು ಕರೆಯುವ ಈ ಕವಚ ಅಲ್ಲಿ ಮನೆ, ಕಚೇರಿ, ರೈಲು ಎಲ್ಲೆಡೆ ಬಳಕೆಯಲ್ಲಿದ್ದ ವಸ್ತು. ವೈದ್ಯಕೀಯ ಓದಿಗೆಂದು ರಷ್ಯಾಕ್ಕೆ ಹೋಗುವ ನಮ್ಮ ವಿದ್ಯಾರ್ಥಿಗಳು ಮರಳುವಾಗ ತರುವ ಉಡುಗೊರೆಗಳಲ್ಲಿ ಇದೂ ಒಂದಾದ್ದರಿಂದ ಕರ್ನಾಟಕದ ಕೆಲವು ಮನೆಗಳ ಷೋಕೇಸುಗಳಲ್ಲಿಯೂ ಇದನ್ನು ಕಾಣಬಹುದು. ಇಂತಹ ಕವಚಗಳನ್ನು ತಯಾರಿಸುವುದರಲ್ಲಿ ಸೋವಿಯತ್ ಕಾಲದಿಂದ ಹೆಸರು ಮಾಡಿರುವುದು ವ್ಲಾದಿಮಿರ್ ಪ್ರಾಂತ್ಯದ ಕೊಲ್ಚುಗಿನೊ ಎಂಬ ಸಣ್ಣ ಕೈಗಾರಿಕಾ ಊರು. ಈ ಬರಹ ಆ ಊರಿನ ಕವಚಗಳ ವಿಮರ್ಶೆ. ಆದರೆ ಊರಿನ ಕಥೆಯನ್ನು ಬದಿಗಿಟ್ಟು ವಸ್ತುವನ್ನು ಮಾತ್ರ ಅಳೆಯಲು ಹೊರಟರೆ ಅದರ ಗುಣ ನಮಗೆ ಸಿಕ್ಕುವುದಿಲ್ಲ. ಕೊಲ್ಚುಗಿನೊ ಮೊದಲು ಲೋಹದ ಊರಾಗಿ, ಆಮೇಲೆ ಪಾತ್ರೆಯ ಊರಾಯಿತು. ಕವಚದ ಚಿತ್ತಾರಕ್ಕಿಂತ ಅದರ ಮಿಶ್ರಲೋಹ ಮೇಲಾಗಿರುವುದಕ್ಕೆ ಇದೇ ಕಾರಣ ಎಂಬುದು ನಾನು ಇಲ್ಲಿ ಹೇಳಬೇಕಾಗಿರುವ ಮುಖ್ಯ ಮಾತು.

ನನ್ನ ಮುಂದೆ ಮೂರು ಕವಚಗಳಿವೆ. ಒಂದು ಸೋವಿಯತ್ ಕಾಲದ್ದು, ಜರ್ಮನ್ ಸಿಲ್ವರ್‌ನದು, ಮೈಮೇಲೆ ಭೂಗೋಲವನ್ನು ಸುತ್ತುವ ಕೃತಕ ಉಪಗ್ರಹ ಸ್ಪುತ್ನಿಕ್‌ನ ಚಿತ್ರವಿರುವಂಥದು. ಮಾಸ್ಕೋದ ಇಜ್ಮೈಲೋವೊ ಸಂತೆಯಲ್ಲಿ ಹಳೆಯ ಸಾಮಾನುಗಳ ನಡುವೆ ಸಿಕ್ಕಿತು. ಇನ್ನೊಂದು ಅದೇ ಊರಿನಲ್ಲಿ ಈಚೆಗೆ ತಯಾರಾದದ್ದು, ಹಿತ್ತಾಳೆಯ ಮೇಲೆ ನಿಕ್ಕಲ್ ಮುಲಾಮು ಕೊಟ್ಟದ್ದು. ಮೂರನೆಯದು ಪ್ರವಾಸಿಗಳಿಗೆಂದೇ ಇರುವ ಅಂಗಡಿಯೊಂದರಲ್ಲಿ ಕೊಂಡದ್ದು, ಯಾವ ಊರಿನ ಮುದ್ರೆಯೂ ಇಲ್ಲದ್ದು. ಮೂರನ್ನೂ ನಿತ್ಯದ ಬಳಕೆಯಲ್ಲಿ ಇಟ್ಟುಕೊಂಡಿದ್ದೇನೆ.

ಮೊದಲು ಊರು ಎಲ್ಲಿದೆಯೆಂದು ನೋಡೋಣ. ಮಾಸ್ಕೋದಿಂದ ಈಶಾನ್ಯಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿ, ವ್ಲಾದಿಮಿರ್ ನಗರದ ವಾಯವ್ಯಕ್ಕೆ, ಪೆಕ್ಷಾ ಎಂಬ ಚಿಕ್ಕ ನದಿಯ ದಂಡೆಯಲ್ಲಿ ಕೊಲ್ಚುಗಿನೊ ಇದೆ. ಪೆಕ್ಷಾ ದಕ್ಷಿಣಕ್ಕೆ ಹರಿದು ಕ್ಲ್ಯಾಜ್ಮಾ ನದಿಯನ್ನು ಸೇರುತ್ತದೆ, ಕ್ಲ್ಯಾಜ್ಮಾ ಓಕಾ ನದಿಯನ್ನು ಸೇರುತ್ತದೆ, ಓಕಾ ನಿಜ್ನಿ ನೋವ್ಗೊರೋದ್‌ನಲ್ಲಿ ವೋಲ್ಗಾದೊಡನೆ ಕೂಡುತ್ತದೆ. ಹಾಗಾಗಿ ಈ ಊರಿನ ನೀರು ಕೊನೆಗೆ ಕ್ಯಾಸ್ಪಿಯನ್ ಸಮುದ್ರಕ್ಕೆ ಹೋಗುತ್ತದೆ. ಊರಿನ ಪೂರ್ವಕ್ಕೆ ಒಪೋಲ್ಯೆ ಎಂದು ಕರೆಯುವ ಬಯಲು ತೆರೆದುಕೊಳ್ಳುತ್ತದೆ. ಕಾಡಿನ ನಾಡಿನ ನಡುವೆ ದ್ವೀಪದ ಹಾಗಿರುವ ಆ ಬಯಲಿನ ಮಣ್ಣು ಸುತ್ತಲಿನ ಮಣ್ಣಿಗಿಂತ ಕಪ್ಪು, ಫಲವತ್ತು. ಮಧ್ಯಯುಗದ ರಷ್ಯನ್ ರಾಜರು ಅಲ್ಲಿ ಊರು ಕಟ್ಟಲು ಮುಂದಾದದ್ದು ಆ ಮಣ್ಣಿಗಾಗಿ. 1152ರಲ್ಲಿ ಯೂರಿ ದೊಲ್ಗೊರೂಕಿ ಸ್ಥಾಪಿಸಿದ ಯೂರ್ಯೆವ್-ಪೋಲ್ಸ್ಕಿ ಪಟ್ಟಣ ಅಲ್ಲಿಂದ ದೂರವಿಲ್ಲ. ಪಶ್ಚಿಮಕ್ಕೆ ಹೋದರೆ ಬಯಲು ಮುಗಿದು ಕಾಡು ದಿಣ್ಣೆಗಳು ಶುರುವಾಗುತ್ತವೆ, ಮುಂದೆ ರಷ್ಯಾದ ದೊರೆ ಇವಾನ್ ದಿ ಟೆರಿಬಲ್ 1564ರಿಂದ ಹಲವು ವರ್ಷ ವಾಸವಿದ್ದು ರಾಜ್ಯವಾಳಿದ ಅಲೆಕ್ಸಾಂದ್ರೋವ್ ಇದೆ. ಹೀಗೆ ಎರಡು ಪುರಾತನ ಪಟ್ಟಣಗಳ ನಡುವೆ, ಹೊಲ ಮುಗಿದು ಕಾಡು ತೊಡಗುವ ಕಡೆಯಲ್ಲಿ, ಯಾವ ರಾಜನ ನೆನಪೂ ಇಲ್ಲದ ಒಂದು ಕಾರ್ಖಾನೆಯ ಊರು ಹುಟ್ಟಿಕೊಂಡಿತು. ಪ್ರವಾಸಿಗಳು ಸುತ್ತುವ ಹಳೆಯ ಪಟ್ಟಣಗಳ ಪಟ್ಟಿಯಲ್ಲಿ ಇದರ ಹೆಸರು ಬರುವುದು ಅಪರೂಪ.

1871ರಲ್ಲಿ ಅಲೆಕ್ಸಾಂದರ್ ಕೊಲ್ಚುಗಿನ್ ಎಂಬ ಮಾಸ್ಕೋದ ವರ್ತಕ ವಸೀಲ್ಯೆವ್ಸ್ಕೊಯೆ ಎಂಬ ಹಳ್ಳಿಯ ಬಳಿ ಇದ್ದ ಒಂದು ಕಾಗದದ ಕಾರ್ಖಾನೆಯನ್ನು ಕೊಂಡು, ಅಲ್ಲಿ ತಾಮ್ರ ಕರಗಿಸಿ ತಂತಿ ಎಳೆಯುವ ಕೆಲಸ ಆರಂಭಿಸಿದ. ಊರಿಗೆ ಬಂದ ಹೆಸರು ಅವನದೇ. ಇಲ್ಲಿ ಗಮನಿಸಬೇಕಾದದ್ದೆಂದರೆ ಆ ಸುತ್ತಮುತ್ತ ಎಲ್ಲಿಯೂ ತಾಮ್ರದ ಅದಿರಿಲ್ಲ. ಉರಾಲ್‌ನಂಥ ಗಣಿ ಸೀಮೆಯ ಊರುಗಳಲ್ಲಿ ಕುಲುಮೆ ಅದಿರಿನ ಬೆನ್ನು ಹತ್ತಿ ಬಂದರೆ, ಇಲ್ಲಿ ಕುಲುಮೆ ಬಂದದ್ದು ಮಾರುಕಟ್ಟೆಯ ಬೆನ್ನು ಹತ್ತಿ. ಮಾಸ್ಕೋ ಹತ್ತಿರದಲ್ಲಿತ್ತು, ನದಿಯಿತ್ತು, ಸೌದೆಗೆ ಕಾಡಿತ್ತು, ಹಳ್ಳಿಗಳಲ್ಲಿ ದುಡಿಯುವ ಕೈಗಳಿದ್ದವು. ಕಚ್ಚಾ ತಾಮ್ರ ದೂರದಿಂದ ಬರುತ್ತಿತ್ತು. ತಗಡು, ತಂತಿ, ಕೊಳವೆಯಾಗಿ ಹೊರಗೆ ಹೋಗುತ್ತಿತ್ತು. ಅಂದರೆ ಈ ಊರು ಮೊದಲಿನಿಂದಲೂ ನಂಬಿದ್ದು ಲೋಹವನ್ನು ಹದಮಾಡುವ ವಿದ್ಯೆಯನ್ನು. ಯಾವ ಲೋಹವನ್ನು ಯಾವುದರೊಡನೆ ಎಷ್ಟು ಪ್ರಮಾಣದಲ್ಲಿ ಬೆರೆಸಬೇಕು, ಎಷ್ಟು ಬಾರಿ ಉರುಳೆಗಳ ನಡುವೆ ಹಾಯಿಸಬೇಕು, ಎಲ್ಲಿ ಕಾಯಿಸಿ ಮೆದುಗೊಳಿಸಬೇಕು ಎಂಬ ತಿಳಿವಳಿಕೆಯೇ ಅದರ ಬಂಡವಾಳ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಅಲೆಕ್ಸಾಂದ್ರೋವ್ ಕಡೆಯಿಂದ ಯೂರ್ಯೆವ್-ಪೋಲ್ಸ್ಕಿಯ ಮೂಲಕ ಇವಾನೊವೊಗೆ ಹೋಗುವ ರೈಲು ಮಾರ್ಗ ಇತ್ತ ಬಂದ ಮೇಲೆ ಈ ಸಾಗಾಟ ಸುಲಭವಾಯಿತು.

ಕೊಲ್ಚುಗಿನ್‌ನ ಉದ್ಯಮ ಹೆಚ್ಚು ಕಾಲ ಅವನ ಕೈಯಲ್ಲಿ ಉಳಿಯಲಿಲ್ಲ. ಅದು ಷೇರುದಾರರ ಕಂಪನಿಯಾಗಿ ಬದಲಾಗಿ, ಮಾಸ್ಕೋದಲ್ಲಿ ನೆಲೆಸಿದ್ದ ಜರ್ಮನ್ ಮೂಲದ ವೊಗಾವ್ ವ್ಯಾಪಾರಿ ಮನೆತನದ ಹಿಡಿತಕ್ಕೆ ಬಂದಿತು. ಈ ಮನೆತನ ತಾಮ್ರ, ರಾಸಾಯನಿಕಗಳ ಜೊತೆಗೆ ಚಹಾದ ದೊಡ್ಡ ವ್ಯಾಪಾರವನ್ನೂ ನಡೆಸುತ್ತಿತ್ತು, ಅದಕ್ಕೆಂದೇ 'ಕರವಾನ್' ಎಂಬ ಸಂಸ್ಥೆಯನ್ನು ಇಟ್ಟುಕೊಂಡಿತ್ತು. ಚಹಾ ಮಾರುವ ಮನೆಗೆ ಹಿತ್ತಾಳೆಯ ಕಾರ್ಖಾನೆಯೂ ಸೇರಿದ್ದ ಈ ಸಂಗತಿಯನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು. ಕೊಲ್ಚುಗಿನೊದ ಕುಲುಮೆಗೂ ರಷ್ಯಾದ ಚಹಾಕ್ಕೂ ಇರುವ ನಂಟು ಕವಚಗಳಿಗಿಂತ ಹಳೆಯದು, ಅದು ಲೆಕ್ಕದ ಪುಸ್ತಕಗಳಿಂದಲೇ ಶುರುವಾದದ್ದು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ನರ ಮೇಲಿನ ದ್ವೇಷ ಮಾಸ್ಕೋದ ಬೀದಿಗಿಳಿದಾಗ ಆ ಮನೆತನದ ದೆಸೆ ತಿರುಗಿತು. ಕ್ರಾಂತಿಯ ನಂತರ ಕಾರ್ಖಾನೆ ಸರ್ಕಾರದ ಸ್ವತ್ತಾಯಿತು. ಮುಂದೆ ಅದಕ್ಕೆ ಸೋವಿಯತ್ ನಾಯಕ ಸೆರ್ಗೊ ಓರ್ಜೊನಿಕಿದ್ಜೆಯ ಹೆಸರನ್ನಿಟ್ಟರು. 1931ರಲ್ಲಿ ವಸತಿಗೆ ನಗರದ ಸ್ಥಾನಮಾನ ಸಿಕ್ಕಿತು.

ಊರಿನ ಚರಿತ್ರೆಯಲ್ಲಿ ಅತ್ಯಂತ ಹೆಮ್ಮೆಯ ಅಧ್ಯಾಯ ಪಾತ್ರೆಗಳದಲ್ಲ, ವಿಮಾನದ್ದು. ಗಟ್ಟಿಯೂ ಹಗುರವೂ ಆದ ಡ್ಯೂರಾಲುಮಿನ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹವನ್ನು ಜರ್ಮನಿಯಲ್ಲಿ ಆಲ್‌ಫ್ರೆಡ್ ವಿಲ್ಮ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಂಡುಹಿಡಿದಿದ್ದ. ಜೆಪ್ಪೆಲಿನ್ ವಾಯುನೌಕೆಗಳ ಅಸ್ಥಿಪಂಜರ ಅದರಿಂದಲೇ ಆಗುತ್ತಿತ್ತು. ಅಂತರ್ಯುದ್ಧದಿಂದ ಬಸವಳಿದಿದ್ದ ಸೋವಿಯತ್ ದೇಶಕ್ಕೆ ಅಂಥ ಲೋಹವನ್ನು ತಾನೇ ತಯಾರಿಸಿಕೊಳ್ಳಬೇಕಾದ ಅಗತ್ಯವಿತ್ತು. 1922ರಲ್ಲಿ ಕೊಲ್ಚುಗಿನೊದ ಎಂಜಿನಿಯರುಗಳು ಆ ಕೆಲಸವನ್ನು ಮಾಡಿ ತೋರಿಸಿದರು; ಅವರು ಎರಕ ಹೊಯ್ದ ಮಿಶ್ರಲೋಹಕ್ಕೆ ಊರಿನ ಹೆಸರೇ ಸೇರಿ ಕೊಲ್ಚುಗಲುಮಿನಿಯಂ ಎಂದಾಯಿತು. ವಿಮಾನವನ್ನು ಮರದ ಬದಲು ಲೋಹದಿಂದಲೇ ಕಟ್ಟಬೇಕೆಂದು ಪಟ್ಟು ಹಿಡಿದಿದ್ದ ಆಂದ್ರೇಯ್ ತುಪೋಲೆವ್ ಈ ಲೋಹವನ್ನು ಬಳಸಿ ಕಟ್ಟಿದ ಎಎನ್‌ಟಿ-2 ಎಂಬ ಪುಟ್ಟ ವಿಮಾನ 1924ರ ಮೇ 26ರಂದು ಹಾರಿತು. ಅದೇ ಸೋವಿಯತ್ ದೇಶದ ಮೊದಲ ಪೂರ್ಣ ಲೋಹದ ವಿಮಾನ. ಮಾಸ್ಕೋ ಬಳಿಯ ಮೋನಿನೊ ವಾಯುಪಡೆ ಸಂಗ್ರಹಾಲಯದಲ್ಲಿ ಆ ಮಾದರಿಯ ವಿಮಾನವನ್ನು ಕಾಪಾಡಿಕೊಂಡು ಬಂದಿದ್ದಾರೆ. ನವಿರಾದ ಏರಿಳಿತಗಳಿರುವ ಅದರ ತಗಡಿನ ಮೈಯನ್ನು ನೋಡಿದವರು ಕೊಲ್ಚುಗಿನೊವನ್ನು ಬರಿಯ ಚಮಚ ಮತ್ತು ಲೋಟದ ಕವಚಗಳ ಊರೆಂದು ಎಣಿಸಲಾರರು. ಎರಡನೆಯ ಮಹಾಯುದ್ಧದಲ್ಲಿ ಶತ್ರುಸೇನೆ ಮಾಸ್ಕೋವನ್ನು ಸಮೀಪಿಸಿದಾಗ ಕಾರ್ಖಾನೆಯ ಯಂತ್ರಗಳಲ್ಲಿ ಒಂದು ಪಾಲನ್ನು ಕಳಚಿ ಪೂರ್ವಕ್ಕೆ ಸಾಗಿಸಿದರು. ವಿದ್ಯುತ್ ಕೇಬಲ್ಲುಗಳ ಕಾರ್ಖಾನೆಯೊಂದು ಯುದ್ಧಕ್ಕೆ ಸ್ವಲ್ಪ ಮುಂಚೆಯೇ ಊರಿನಲ್ಲಿ ತಲೆಯೆತ್ತಿತ್ತು. ತಾಮ್ರದ ತಂತಿ ಎಳೆಯುವ ಊರಿಗೆ ಅದು ಸಹಜವಾದ ಮುಂದಿನ ಹೆಜ್ಜೆ.

ಇಂಥ ಕಾರ್ಖಾನೆಯ ಒಂದು ವಿಭಾಗವಾಗಿ ಪಾತ್ರೆಗಳ ಕೆಲಸ ಬೆಳೆಯಿತು. ಚಮಚ, ಫೋರ್ಕು, ಚಹಾಕ್ಕೆ ನೀರು ಕಾಯಿಸುವ ಸಮೋವಾರ್, ಕಾಫಿಯ ಕೂಜೆ, ತಟ್ಟೆ, ಲೋಟದ ಕವಚ ಇವೆಲ್ಲ ಕೊಲ್ಚುಗಿನೊದಿಂದ ದೇಶದ ಉದ್ದಗಲಕ್ಕೂ ಹೋದವು. ಸೋವಿಯತ್ ಕಾಲದ ಮನೆಯೊಂದರ ಅಡುಗೆಮನೆಯ ಖಾನೆಯನ್ನು ತೆರೆದು ಚಮಚಗಳನ್ನು ತಿರುವಿ ನೋಡಿದರೆ ಹಲವದರ ಹಿಂದೆ ರಷ್ಯನ್ ಲಿಪಿಯ ಮೂರಕ್ಷರಗಳ ಮುದ್ರೆ ಕಾಣುತ್ತದೆ. ತಾಮ್ರ, ನಿಕ್ಕಲ್, ಸತು ಎಂಬ ಮೂರು ಲೋಹಗಳ ಮೊದಲಕ್ಷರಗಳು ಅವು. ನಮ್ಮಲ್ಲಿ ಗೃಹಪ್ರವೇಶಕ್ಕೂ ಮದುವೆಗೂ ಉಡುಗೊರೆ ಕೊಡುವ ಕುಂಕುಮದ ಬಟ್ಟಲು, ಅರಿಶಿನದ ಭರಣಿಗಳನ್ನು ಮಾಡುವ ಜರ್ಮನ್ ಸಿಲ್ವರ್ ಇದೇ ಬಗೆಯ ಲೋಹ. ಅದರಲ್ಲಿ ಬೆಳ್ಳಿಯ ಅಂಶ ಸ್ವಲ್ಪವೂ ಇರುವುದಿಲ್ಲ. ಆ ಕಡೆ ಹೆಚ್ಚಾಗಿ ಬಳಸುವ ಒಂದು ಪ್ರಮಾಣದಲ್ಲಿ ನಿಕ್ಕಲ್ ಶೇಕಡಾ 15, ಸತು ಶೇಕಡಾ 20, ಉಳಿದದ್ದೆಲ್ಲ ತಾಮ್ರ. ಸತುವಿಲ್ಲದೆ ತಾಮ್ರಕ್ಕೆ ನಿಕ್ಕಲ್ ಮಾತ್ರ ಸೇರಿಸಿದರೆ ಸಿಗುವ ಇನ್ನೊಂದು ಮಿಶ್ರಲೋಹ ಇನ್ನೂ ಬೆಳ್ಳಗಿದ್ದು, ನೀರಿಗೂ ಉಪ್ಪಿಗೂ ಹೆಚ್ಚು ಜಗ್ಗದಂಥದು.

ರೈಲಿನ ಚಹಾಕ್ಕೆ ಕವಚ ಬಂದದ್ದು ಯಾವಾಗ ಎಂಬುದಕ್ಕೆ ಒಂದು ಪ್ರಚಲಿತ ಕಥೆಯಿದೆ. 1892ರಲ್ಲಿ ಕೆಲವು ತಿಂಗಳು ಸಾರಿಗೆ ಮಂತ್ರಿಯಾಗಿದ್ದ ಸೆರ್ಗೇಯ್ ವಿತ್ತೆ ಇದನ್ನು ರೈಲುಗಳಲ್ಲಿ ಜಾರಿಗೆ ತಂದನೆಂದು ಹೇಳುತ್ತಾರೆ. ಕಥೆ ಹೇಗೇ ಇರಲಿ, ಕಾರಣವನ್ನು ಯಾರು ಬೇಕಾದರೂ ಊಹಿಸಬಹುದು. ಗಾಜಿನ ಲೋಟ ಅಗ್ಗ, ತೊಳೆಯಲು ಸುಲಭ. ಆದರೆ ಕುದಿನೀರಿನ ಚಹಾ ತುಂಬಿದ ಲೋಟವನ್ನು ಬರಿಗೈಯಲ್ಲಿ ಹಿಡಿಯಲಾಗುವುದಿಲ್ಲ, ಕುಲುಕಾಡುವ ಬಂಡಿಯಲ್ಲಿ ಮೇಜಿನ ಮೇಲಿಟ್ಟರೆ ಅದು ಜಾರಿ ಉರುಳುತ್ತದೆ. ಲೋಹದ ಕವಚ ಈ ಎರಡು ತೊಂದರೆಗಳಿಗೂ ಒಟ್ಟಿಗೆ ಪರಿಹಾರ. ಹಿಡಿ ಬೆರಳನ್ನು ಕಾಪಾಡುತ್ತದೆ, ಬುಡದ ಭಾರ ಲೋಟವನ್ನು ನಿಲ್ಲಿಸುತ್ತದೆ. ಬಂಡಿಯ ಒಂದು ತುದಿಯಲ್ಲಿ ದಿನವಿಡೀ ನೀರು ಕಾಯುತ್ತಿರುವ ಹಂಡೆ, ಅದರಿಂದ ಲೋಟಗಳನ್ನು ತುಂಬಿಸಿ ಒಂದೇ ಕೈಯಲ್ಲಿ ಹಲವು ಹಿಡಿಗಳನ್ನು ಸಿಕ್ಕಿಸಿಕೊಂಡು ನಡೆದು ಬರುವ ಮಹಿಳಾ ಪರಿಚಾರಕರು, ಲೋಟದ ಅಂಚಿಗೆ ತಾಗಿ ಸಣ್ಣಗೆ ಸದ್ದು ಮಾಡುವ ಚಮಚ, ಇದಿಷ್ಟೂ ಸೇರಿ ರಷ್ಯನ್ನರ ಪಾಲಿಗೆ ರೈಲು ಪ್ರಯಾಣವಾಗಿದೆ. ಅದನ್ನು ನಾನು ಅನುಭವಿಸಿದ್ದೇನೆ, ಮೆಚ್ಚಿಯೂ ಇದ್ದೇನೆ.

ಕವಚಗಳ ಮೇಲಿನ ಚಿತ್ರಗಳನ್ನು ನೋಡುತ್ತಾ ಹೋದರೆ ಸೋವಿಯತ್ ದೇಶ ತನ್ನ ಬಗ್ಗೆ ತಾನು ಏನನ್ನು ನೆನೆಯಬಯಸಿತ್ತು ಎಂಬುದು ತಿಳಿಯುತ್ತದೆ. ಮೂರು ಕುದುರೆಗಳ ಹಿಮಬಂಡಿ, ಓಕ್ ಎಲೆಗಳು, ಕ್ರೆಮ್ಲಿನ್ ಗೋಪುರ, ರೈಲು ಎಂಜಿನ್ನು. 1957ರ ಅಕ್ಟೋಬರಿನಲ್ಲಿ ಸ್ಪುತ್ನಿಕ್ ಹಾರಿದ ಮೇಲೆ ಭೂಗೋಲ ಮತ್ತು ಉಪಗ್ರಹ. 1961ರ ನಂತರ ಗಗನಯಾತ್ರಿ ಗಗಾರಿನ್ ಮತ್ತು ರಾಕೆಟ್ಟು. 1980ರಲ್ಲಿ ಮಾಸ್ಕೋ ಒಲಿಂಪಿಕ್ಸ್. ಇವುಗಳಲ್ಲಿ ಬಾಹ್ಯಾಕಾಶದ ಸರಣಿಯೇ ನನಗೆ ಹೆಚ್ಚು ಪ್ರಿಯ. ಅದಕ್ಕೆ ಊರಿನ ಭೂಗೋಳದಲ್ಲಿಯೂ ಒಂದು ನೋವಿನ ನಂಟಿದೆ. ಕೊಲ್ಚುಗಿನೊಗೆ ಹೊಂದಿಕೊಂಡಿರುವ ಕಿರ್ಜಾಚ್ ಜಿಲ್ಲೆಯ ನೊವೊಸ್ಯೋಲೊವೊ ಹಳ್ಳಿಯ ಬಳಿಯ ಕಾಡಿನಲ್ಲಿಯೇ 1968ರ ಮಾರ್ಚ್ 27ರಂದು ಗಗಾರಿನ್ ಇದ್ದ ತರಬೇತಿ ವಿಮಾನ ನೆಲಕ್ಕೆ ಬಿದ್ದು ಆತ ತೀರಿಕೊಂಡದ್ದು. ಅಲ್ಲಿ ಈಗ ಸ್ಮಾರಕವಿದೆ.

ಇನ್ನು ಬಳಕೆಯ ಮಾತು. ಹಳೆಯ ಕವಚವನ್ನು ಕೈಗೆತ್ತಿಕೊಂಡಾಗ ಮೊದಲು ತಿಳಿಯುವುದು ಅದರ ತೂಕ, ಆಮೇಲೆ ತಿಳಿಯುವುದು ಅದರ ತಣ್ಣನೆಯ ಹಿಡಿ. ಕುದಿಯುವ ನೀರು ಹೊಯ್ದು ಕೆಲವು ನಿಮಿಷ ಕಳೆದರೂ ಹಿಡಿ ಬೆಚ್ಚಗಾಗುತ್ತದೆಯೇ ಹೊರತು ಸುಡುವುದಿಲ್ಲ. ಇದಕ್ಕೆ ಮುಖ್ಯ ಕಾರಣ ಮಿಶ್ರಲೋಹ. ಶುದ್ಧ ತಾಮ್ರದ ಉಷ್ಣವಾಹಕತೆ, ವಿಜ್ಞಾನದ ಮಾನದಲ್ಲಿ ಹೇಳುವುದಾದರೆ, ಮೀಟರ್-ಕೆಲ್ವಿನ್ ಒಂದಕ್ಕೆ ಸುಮಾರು 400 ವಾಟ್. ಹಿತ್ತಾಳೆಯದು 110ರಿಂದ 120ರಷ್ಟು. ಜರ್ಮನ್ ಸಿಲ್ವರ್‌ನದು 30ರ ಆಸುಪಾಸು. ಅಂದರೆ ತಾಮ್ರಕ್ಕೆ ನಿಕ್ಕಲ್ ಬೆರೆಸಿದ ಕೂಡಲೇ ಶಾಖವನ್ನು ಸಾಗಿಸುವ ಅದರ ಶಕ್ತಿ ಹತ್ತು ಪಟ್ಟಿಗೂ ಮೀರಿ ಕುಗ್ಗುತ್ತದೆ. ಬಣ್ಣಕ್ಕಾಗಿ, ಹೊಳಪಿಗಾಗಿ ಈ ಲೋಹವನ್ನು ಆರಿಸಿದರೆಂದು ನಾವು ತಿಳಿಯುತ್ತೇವೆ. ಆದರೆ ಬಿಸಿ ಚಹಾದ ಹಿಡಿಗೆ ಇದಕ್ಕಿಂತ ಒಪ್ಪುವ ತಾಮ್ರದ ಮಿಶ್ರಲೋಹ ಸಿಗುವುದು ಕಷ್ಟ. ಸ್ಟೇನ್‌ಲೆಸ್ ಸ್ಟೀಲ್ ಇನ್ನೂ ಕಡಿಮೆ ಶಾಖ ಸಾಗಿಸುತ್ತದೆ ಎಂದು ಯಾರಾದರೂ ಆಕ್ಷೇಪಿಸಬಹುದು, ಅದು ಸರಿಯೇ. ಆದರೆ ಸ್ಟೀಲು ಅಚ್ಚಿನ ಒತ್ತಡಕ್ಕೆ ಬೇಗ ಬಿರುಸಾಗುತ್ತದೆ, ಬೆಸುಗೆಗೆ ಸುಲಭವಾಗಿ ಒಲಿಯುವುದಿಲ್ಲ. ಇಷ್ಟು ಆಳವಾದ ಉಬ್ಬುಚಿತ್ರವನ್ನು ಅದರಲ್ಲಿ ಮೂಡಿಸುವುದು ಬಹಳ ಕಷ್ಟದ ಕೆಲಸ.

ಹಿಡಿಯನ್ನು ಕಣ್ಣಿನ ಹತ್ತಿರ ತಂದು ನೋಡಬೇಕು. ಮೇಲ್ಭಾಗದಲ್ಲಿ ಹೆಬ್ಬೆರಳು ಊರಲೆಂದು ಎಲೆಯ ಆಕಾರದ ಒಂದು ಚಪ್ಪಟೆ ತುಣುಕು ಇದೆ. ಅದು ಸ್ವಲ್ಪ ಹಿಂದಕ್ಕೆ ವಾಲಿರುವುದರಿಂದ ಲೋಟ ಎತ್ತಿದಾಗ ಭಾರವೆಲ್ಲ ಹೆಬ್ಬೆರಳಿಗೂ ತೋರುಬೆರಳಿಗೂ ಸಮನಾಗಿ ಹಂಚಿಹೋಗುತ್ತದೆ, ಮಣಿಕಟ್ಟು ತಿರುಚಿಕೊಳ್ಳುವುದಿಲ್ಲ. ಹಿಡಿ ಕವಚದ ಮೈಗೆ ಅಂಟುವ ಎರಡು ಕಡೆಗಳಲ್ಲಿ ಬೆಸುಗೆಯ ಗೆರೆಯನ್ನು ಉಗುರಿನಿಂದ ತಡವಿದರೂ ತೊಡರು ಸಿಗುವುದಿಲ್ಲ. ಕವಚದ ಮೈಯನ್ನು ಚಪ್ಪಟೆ ತಗಡಿನಲ್ಲಿ ಅಚ್ಚೊತ್ತಿ, ಬಾಗಿಸಿ, ತುದಿಗಳನ್ನು ಕೂಡಿಸಿದ ಜಾಗವನ್ನು ಹಿಡಿಯ ಹಿಂದೆ ಬರುವಂತೆ ಮರೆಮಾಡಿದ್ದಾರೆ. ಬುಡ ಪೂರ್ತಿ ಮುಚ್ಚಿಲ್ಲ, ಬಳೆಯಂಥ ಅಂಚು ಮಾತ್ರ ಇದ್ದು ನಡುವೆ ಖಾಲಿ ಬಿಟ್ಟಿದ್ದಾರೆ; ಹೀಗಾಗಿ ಚೆಲ್ಲಿದ ಚಹಾ ಒಳಗೆ ನಿಲ್ಲುವುದಿಲ್ಲ, ಲೋಟವನ್ನು ಕೆಳಗಿನಿಂದ ಬೆರಳಲ್ಲಿ ತಳ್ಳಿ ಹೊರತೆಗೆಯಲೂ ಬರುತ್ತದೆ. ಸ್ಪುತ್ನಿಕ್‌ನ ಪಥವನ್ನು ತೋರಿಸುವ ವಕ್ರರೇಖೆಯ ಸುತ್ತ ತಗಡನ್ನು ಕತ್ತರಿಸಿ ತೂತುಗಳನ್ನು ಬಿಟ್ಟಿರುವುದರಿಂದ ಚಹಾದ ಕೆಂಪು ಬಣ್ಣ ಅವುಗಳೊಳಗಿಂದ ಕಾಣುತ್ತದೆ. ಇಷ್ಟು ವರ್ಷ ಎಷ್ಟೋ ಕೈಗಳಲ್ಲಿ ಸವೆದ ಮೇಲೂ ಅಕ್ಷಾಂಶ ರೇಖಾಂಶಗಳ ಗೆರೆಗಳು ಸ್ಪಷ್ಟವಾಗಿ ಉಳಿದಿವೆ. ಮುಲಾಮಿನ ಹಂಗಿಲ್ಲದ ಲೋಹದ ದೊಡ್ಡ ಅನುಕೂಲ ಇದು: ಸವೆದಾಗ ಒಳಗಿನಿಂದ ಬೇರೆ ಬಣ್ಣ ಹೊರಬರುವುದಿಲ್ಲ.

ಈಚಿನ ಕವಚ ಹಿತ್ತಾಳೆಯದಾದ್ದರಿಂದ ಸಹಜವಾಗಿಯೇ ಬೇಗ ಬಿಸಿಯಾಗುತ್ತದೆ. ಆದರೂ ಹಿಡಿಯ ಮಾಟ ಹಳೆಯದರಂತೆಯೇ ಇರುವುದರಿಂದ ಹಿಡಿಯಲು ತೊಂದರೆಯಿಲ್ಲ. ಬೆಸುಗೆ ಅಚ್ಚುಕಟ್ಟಾಗಿದೆ, ಅಂಚುಗಳು ನುಣುಪಾಗಿವೆ, ನಿಕ್ಕಲ್‌ನ ಹೊಳಪು ಒಂದೇ ಸಮನಾಗಿದೆ. ತಗ್ಗುಗಳನ್ನು ಬೇಕೆಂದೇ ಕಪ್ಪಾಗಿಸಿ ಉಬ್ಬುಗಳನ್ನು ಉಜ್ಜಿ ಬೆಳಗಿಸಿರುವುದರಿಂದ ಚಿತ್ರ ಎದ್ದು ಕಾಣುತ್ತದೆ. ಈಗಿನ ತಯಾರಿಕೆಯಲ್ಲಿ ಬೆಳ್ಳಿ ಮುಲಾಮಿನವು, ಚಿನ್ನದ ಬಣ್ಣದ ಗೆರೆಯಿರುವವು, ಹುಟ್ಟುಹಬ್ಬಕ್ಕೆ, ನಿವೃತ್ತಿಗೆ, ಸೇನೆಯ ಒಂದೊಂದು ದಳಕ್ಕೆ ಎಂದು ಬೇರೆ ಬೇರೆ ಚಿತ್ರಗಳವು ಸಿಗುತ್ತವೆ. ಉಡುಗೊರೆಗೆ ಅವು ಒಪ್ಪುತ್ತವೆ. ನಿತ್ಯದ ಬಳಕೆಗೆ ಮಾತ್ರ ಆಡಂಬರವಿಲ್ಲದ, ಬಳ್ಳಿ ಅಥವಾ ಹಿಮಬಂಡಿಯ ಚಿತ್ರದ ನಿಕ್ಕಲ್ ಮುಲಾಮಿನದನ್ನೇ ನಾನು ಸೂಚಿಸುತ್ತೇನೆ, ಏಕೆಂದರೆ ಬೆಳ್ಳಿಯ ಮುಲಾಮು ತೆಳುವಾದದ್ದು, ಗಾಳಿಗೆ ಕಪ್ಪಾಗುವಂಥದು, ಅದನ್ನು ಬೆಳಗಿದಷ್ಟೂ ಸವೆಯುವಂಥದು.

ಮುದ್ರೆಯಿಲ್ಲದ ಮೂರನೆಯ ಕವಚದ ಬಗ್ಗೆ ಹೆಚ್ಚು ಬರೆಯುವುದು ಬೇಕಿಲ್ಲ. ನೋಡಲು ಮೂರರಲ್ಲಿ ಅದೇ ಹೆಚ್ಚು ಹೊಳೆಯುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಹಿಡಿಯ ಬುಡದಲ್ಲಿ ಮುಲಾಮು ಎದ್ದು, ಹಸಿರು ಕಿಲುಬು ಕಾಣಿಸಿಕೊಂಡಿತು. ಕೆಳಗಿನ ಬೆಸುಗೆ ಸಡಿಲವಾಗಿ ಲೋಟ ಎತ್ತಿದಾಗ ಹಿಡಿ ಅಲುಗಲು ತೊಡಗಿತು. ಬಿಸಿ ಚಹಾ ತುಂಬಿದ ಲೋಟದ ಹಿಡಿ ಅಲುಗುವುದು ಅಪಾಯ. ಈಗ ಅದರಲ್ಲಿ ಪೆನ್ನುಗಳನ್ನು ಇಡುತ್ತಿದ್ದೇನೆ. ಇಂಥವನ್ನು ಯಾರೂ ಮಕ್ಕಳಿರುವ ಮನೆಯಲ್ಲಿ ಚಹಾಕ್ಕೆ ಬಳಸಬಾರದು.

ಲೋಟದ ವಿಷಯವನ್ನು ಎಚ್ಚರದಿಂದ ಓದಬೇಕು, ನಮ್ಮಲ್ಲಿ ಕವಚ ಕೊಂಡವರು ಸಾಮಾನ್ಯವಾಗಿ ತಡವರಿಸುವುದು ಇಲ್ಲಿಯೇ. ಈ ಕವಚಗಳು ನೆಟ್ಟಗಿನ ಗೋಡೆಯ, ತೆಳು ಗಾಜಿನ, ಸುಮಾರು 250 ಮಿಲಿಲೀಟರ್ ಹಿಡಿಸುವ ಲೋಟಕ್ಕೆ ಮಾಡಿದವು. ನಮ್ಮ ಚಹಾದಂಗಡಿಗಳಲ್ಲಿ ಕಾಣುವ, ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವ ದಪ್ಪ ಗಾಜಿನ ಲೋಟ ಇದರಲ್ಲಿ ಒಂದೋ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಒಳಗೆ ಬಿದ್ದು ಕಟಕಟಿಸುತ್ತದೆ. ಆದ್ದರಿಂದ ಕವಚವನ್ನು ಲೋಟದ ಸಮೇತವೇ ಕೊಳ್ಳಬೇಕು, ಒಂದೆರಡು ಲೋಟ ಹೆಚ್ಚಿಗೆ ತಂದಿಟ್ಟುಕೊಂಡರೆ ಇನ್ನೂ ಒಳ್ಳೆಯದು. ಗಾಜಿನ ವಿಷಯದಲ್ಲಿ ವ್ಲಾದಿಮಿರ್ ಪ್ರಾಂತ್ಯದಲ್ಲಿಯೇ ಇನ್ನೊಂದು ಕೈಗಾರಿಕಾ ಊರಿದೆ, ಅದು ಗುಸ್-ಖ್ರುಸ್ತಾಲ್ನಿ. ಮಾಸ್ಕೋ ಸುತ್ತಣ ಕಾಡನ್ನು ಉಳಿಸಲೆಂದು 1747ರಲ್ಲಿ ಅಲ್ಲಿಂದ 200 ವೆರ್ಸ್ತ್ (ಸುಮಾರು 213 ಕಿಲೋಮೀಟರ್) ಒಳಗಿನ ಗಾಜಿನ ಕಾರ್ಖಾನೆಗಳನ್ನು ತೆಗೆಸುವ ಆಜ್ಞೆ ಹೊರಟಾಗ, ಅಕೀಂ ಮಾಲ್ತ್ಸೊವ್ ಎಂಬ ವರ್ತಕ ಪ್ರಾಂತ್ಯದ ದಕ್ಷಿಣದ ಜವುಗು ಕಾಡುಗಳಲ್ಲಿ, ಗುಸ್ ನದಿಯ ದಂಡೆಯಲ್ಲಿ, 1756ರಲ್ಲಿ ತನ್ನ ಗಾಜಿನ ಕುಲುಮೆ ಹೂಡಿದ. ಸೌದೆಯೂ ಬಿಳಿ ಮರಳೂ ಅಲ್ಲಿ ಹೇರಳವಾಗಿದ್ದವು. ಆ ಊರಿನ ಕೆತ್ತನೆಯ ಸ್ಫಟಿಕ ಗಾಜನ್ನು ನೋಡಲೆಂದೇ ಜನ ಹೋಗುತ್ತಾರೆ. ಒಂದೇ ಪ್ರಾಂತ್ಯದ ಉತ್ತರದಲ್ಲಿ ಲೋಹ, ದಕ್ಷಿಣದಲ್ಲಿ ಗಾಜು ಎಂಬ ಈ ಹೊಂದಾಣಿಕೆ ನನಗೆ ಬಹಳ ಇಷ್ಟವಾದ ಸಂಗತಿ.

ಇದರಲ್ಲಿ ಕುಡಿಯಬೇಕಾದ ಚಹಾ ಹಾಲು ಬೆರೆಸಿ ಕುದಿಸಿದ್ದಲ್ಲ. ರಷ್ಯನ್ನರು ಸಣ್ಣ ಕೂಜೆಯಲ್ಲಿ ಬಹಳ ಗಟ್ಟಿಯಾದ ಚಹಾರಸವನ್ನು ಮೊದಲೇ ಇಳಿಸಿಟ್ಟಿರುತ್ತಾರೆ. ನಮ್ಮ ಮನೆಗಳ ಕಾಫಿ ಡಿಕಾಕ್ಷನ್ನಿನ ಹಾಗೆ ಅದನ್ನು ಸ್ವಲ್ಪ ಬಗ್ಗಿಸಿ, ಮೇಲೆ ಕುದಿನೀರು ಹೊಯ್ದು, ಅವರವರಿಗೆ ಬೇಕಾದ ಹದಕ್ಕೆ ತಂದುಕೊಳ್ಳುತ್ತಾರೆ. ಜೊತೆಗೆ ನಿಂಬೆಯ ಬಿಲ್ಲೆ, ಸಕ್ಕರೆಯ ಅಚ್ಚು. ಹಾಲಿಲ್ಲದ ಚಹಾದ ಬಣ್ಣ ಕಾಣಬೇಕೆಂದೇ ಲೋಟ ಗಾಜಿನದು. ಸೋವಿಯತ್ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಡಿಕೆಯಿದ್ದ ಚಹಾಗಳಲ್ಲಿ ಒಂದು ಹಳದಿ ಪೊಟ್ಟಣದ ಮೇಲೆ ಆನೆಯ ಚಿತ್ರವಿದ್ದ ಇಂಡಿಯನ್ ಚಹಾ. ಅಲ್ಲಿನ ಹಿರಿಯರು ಇಂದಿಗೂ ಆನೆಯ ಚಹಾವನ್ನು ನೆನೆಯುತ್ತಾರೆ. ಕೊಲ್ಚುಗಿನೊದ ಕವಚಗಳಲ್ಲಿ ನಮ್ಮ ದೇಶದ ಎಲೆ ಎಷ್ಟೋ ವರ್ಷ ಬಣ್ಣ ಬಿಟ್ಟಿದೆ. ಹಾಲಿನ ಚಹಾ ಹಾಕಿ ಕುಡಿಯುವುದಕ್ಕೂ ಅಡ್ಡಿಯೇನಿಲ್ಲ, ಚಹಾ ಲೋಹಕ್ಕೆ ತಾಗುವುದಿಲ್ಲವಾದ್ದರಿಂದ ರುಚಿಯೂ ಕೆಡುವುದಿಲ್ಲ. ನಿಕ್ಕಲ್ ತಾಗಿದರೆ ಚರ್ಮ ಕೆರೆಯುವವರು ಮಾತ್ರ ದೂರವಿರಬೇಕು.

ತೊಳೆಯುವ ಬಗ್ಗೆ ಎರಡು ಮಾತು. ನಮ್ಮ ರೂಢಿಯಂತೆ ಹುಣಸೆಹಣ್ಣು ಅಥವಾ ಹಿತ್ತಾಳೆ ಪಾತ್ರೆ ಬೆಳಗುವ ಪುಡಿ ಹಾಕಿ ತಿಕ್ಕಿದರೆ ಮುಲಾಮಿನ ಕವಚ ಹಾಳಾಗುತ್ತದೆ. ಬೆಚ್ಚಗಿನ ನೀರು, ಸೋಪು, ಮೆತ್ತನೆಯ ಬಟ್ಟೆ, ತೊಳೆದ ತಕ್ಷಣ ಒರೆಸುವುದು ಇಷ್ಟೇ ಸಾಕು. ಬೆಳ್ಳಿ ಮುಲಾಮಿನದನ್ನು ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡದ ಬಿಸಿನೀರಿನಲ್ಲಿ ಮುಳುಗಿಸಿ ಬೆಳಗಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ಅದರಿಂದ ಕೊಳೆಯೇನೋ ಹೋಗುತ್ತದೆ, ಆದರೆ ತಗ್ಗುಗಳಲ್ಲಿ ಕುಶಲಕರ್ಮಿಗಳು ಬೇಕೆಂದೇ ತುಂಬಿಸಿದ ಕಪ್ಪೂ ಹೋಗಿಬಿಡುತ್ತದೆ, ಚಿತ್ರ ಬಿಳಿಚಿಕೊಳ್ಳುತ್ತದೆ. ಪಾತ್ರೆ ತೊಳೆಯುವ ಯಂತ್ರಕ್ಕೆ ಇದನ್ನು ಹಾಕಲೇಬಾರದು.

ಇಂದು ಕೊಲ್ಚುಗಿನೊದ ಜನಸಂಖ್ಯೆ 40,000ದ ಆಸುಪಾಸಿನಲ್ಲಿದೆ, ಸೋವಿಯತ್ ಕಾಲದ ಕೊನೆಗೆ ಇದ್ದದ್ದಕ್ಕಿಂತ ಕಡಿಮೆ. ಒಂದೇ ದೊಡ್ಡ ಕಾರ್ಖಾನೆಯ ಸುತ್ತ ಬೆಳೆದ ರಷ್ಯಾದ ಬಹುಪಾಲು ಊರುಗಳಂತೆ ಇದೂ 1991ರ ನಂತರ ಕಷ್ಟದ ದಿನಗಳನ್ನು ಕಂಡಿತು. ಹಳೆಯ ಕಾರ್ಖಾನೆ ತುಂಡುಗಳಾಗಿ ಕೈ ಬದಲಾಯಿಸಿತು. ಹಾಗಿದ್ದೂ ಲೋಟದ ಕವಚ ಮಾಡುವ ಕಸುಬು ಉಳಿದುಕೊಂಡಿದೆ. ಮಾಸ್ಕೋ ಹತ್ತಿರವಿರುವುದು ಒಂದು ಕಾಲಕ್ಕೆ ಊರಿಗೆ ವರವಾಗಿತ್ತು, ಈಗ ಅದೇ ಹತ್ತಿರ ಊರಿನ ಯುವಕರನ್ನು ಕೆಲಸಕ್ಕೆ ಅತ್ತ ಎಳೆಯುತ್ತಿದೆ. ಹಳೆಯ ಕೋಟೆ, ಚರ್ಚುಗಳಿರುವ ನೆರೆಯ ಪಟ್ಟಣಗಳು ಪ್ರವಾಸಿಗಳಿಂದ ಬದುಕುತ್ತಿರುವಾಗ, ದೇಶಕ್ಕೆ ಮೊದಲ ವಿಮಾನ ಲೋಹವನ್ನು ಎರಕ ಹೊಯ್ದು ಕೊಟ್ಟ ಊರಿನ ಮುಂದೆ ಪ್ರವಾಸಿ ಬಸ್ಸುಗಳು ನಿಲ್ಲದೆ ಹೋಗುವುದು ನನಗೆ ಸರಿಯೆನಿಸುವುದಿಲ್ಲ. ಕೈಗಾರಿಕೆಯ ಚರಿತ್ರೆಯಲ್ಲಿ ಆಸಕ್ತಿಯುಳ್ಳವರು ಮಾಸ್ಕೋದಿಂದ ಅಲೆಕ್ಸಾಂದ್ರೋವ್, ಕೊಲ್ಚುಗಿನೊ, ಯೂರ್ಯೆವ್-ಪೋಲ್ಸ್ಕಿ ಮೂರನ್ನೂ ಒಂದೇ ಸಾಲಿನಲ್ಲಿ ನೋಡಿಬರಬಹುದು.

ಕೊಳ್ಳುವವರು ಹಳೆಯ ಸಾಮಾನಿನ ಸಂತೆಗೆ ಹೋಗುವುದಾದರೆ ಚಿತ್ರ ನೋಡುವ ಮೊದಲು ಕವಚವನ್ನು ತಲೆಕೆಳಗು ಮಾಡಿ ಮುದ್ರೆ ಹುಡುಕಲಿ. ಮೂರು ಲೋಹಗಳ ಅಕ್ಷರಗಳಿದ್ದರೆ, ಬಣ್ಣ ಕೊಂಚ ಹಳದಿಗೆ ತಿರುಗಿದ್ದರೂ, ಅದನ್ನೇ ಆರಿಸಲಿ. ಹಿಡಿಯನ್ನು ಮೇಲಕ್ಕೂ ಕೆಳಕ್ಕೂ ಮೆಲ್ಲನೆ ಒತ್ತಿ ಬೆಸುಗೆ ಪರೀಕ್ಷಿಸಲಿ. ಜೊತೆಗಿನ ಲೋಟವನ್ನು ಒಳಗಿಟ್ಟು ತಿರುಗಿಸಿ ನೋಡಲಿ: ಅದು ಸಲೀಸಾಗಿ ಇಳಿಯಬೇಕು, ಇಳಿದ ಮೇಲೆ ಅಲ್ಲಾಡಬಾರದು. ಹೊಸದನ್ನು ಕೊಳ್ಳುವವರು ತಯಾರಾದ ಊರಿನ ಹೆಸರನ್ನು ಪೆಟ್ಟಿಗೆಯ ಮೇಲೆ ಓದಿಕೊಂಡು, ಹಿತ್ತಾಳೆಯದೋ ಜರ್ಮನ್ ಸಿಲ್ವರ್‌ನದೋ ಎಂದು ಕೇಳಿಯೇ ಹಣ ಕೊಡಬೇಕು. ಎರಡರ ಬೆಲೆಗೂ ಸಾಕಷ್ಟು ಅಂತರವಿರುತ್ತದೆ. ದಿನವೂ ಚಹಾ ಕುಡಿಯುವ ಮನೆಗೆ ಆ ಹೆಚ್ಚಿನ ಹಣ ಕೊಡುವುದು ಯೋಗ್ಯವೆಂದೇ ನನ್ನ ಅಭಿಪ್ರಾಯ.